ತಲೆಕಟ್ಟಿನ ಅಡ್ಡಗೆರೆ

ತೆಲುಗು ನಾಡಿನ ಮೆಹದಿಪಟ್ಟಣಂನಲ್ಲಿ ನಾನು ಯಾರ ಹತ್ತಿರ ಟೈಪಿಸ್ಟ್ ಆಗಿದ್ದೆನೋ ಆ ವಕೀಲರು ಬಿಜಾಪುರದ ಕಡೆಯವರು. ಅಂಗಡಿಯ ಬದನೆಕಾಯಿಯಿರಲಿ, ಪೊಲೀಸರ ಕಾಗದವಿರಲಿ, ಕನ್ನಡಕ ತೆಗೆದು ಕರಿಕೋಟಿನ ಅಂಚಿಗೆ ಒರೆಸಿ, "ಇನ್ನೊಮ್ಮೆ ನೋಡೂಣ್ರಿ" ಅನ್ನುತ್ತಿದ್ದರು. ಅವರ ಜೊತೆ ಸಂತೆಗೆ ಹೋಗುವುದು ಶಿಕ್ಷೆ.

ಒಮ್ಮೆ ಅವರ ಓಣಿಯ ಹೊಲಿಗೆಯಾಕೆಯ ಮೇಲೆ ಕೇಸಾಯಿತು. ಮನೆ ಮಾಲೀಕನಿಗೆ ತೆಲುಗಿನಲ್ಲಿ ಬೆದರಿಕೆಯ ಪತ್ರ ಬರೆದಳಂತೆ. ತೆಲುಗಿನ ತಲೆಕಟ್ಟು ಓರೆಯಾಗಿ ಮೇಲಕ್ಕೇಳುತ್ತದೆ. ಪತ್ರದಲ್ಲಿ ಅದು ಕನ್ನಡದ ಹಾಗೆ ಅಡ್ಡಗೆರೆಯಾಗಿತ್ತು. ಹೊಲಿಗೆಯಾಕೆ ಬರೆಯುವುದೂ ಹಾಗೆಯೇ, ಆದ್ದರಿಂದ ಇದು ಅವಳದೇ ಕೈ ಎಂದು ಕೈಬರಹದ ತಜ್ಞರು ಹೇಳಿಬಿಟ್ಟರು.

ಕನ್ನಡ ಶಾಲೆಯಲ್ಲಿ ಕಲಿತು, ಇಲ್ಲಿ ಬಂದು ತೆಲುಗು ರೂಢಿಸಿಕೊಂಡ ಹೆಂಗಸರು ಓಣಿಯ ತುಂಬ ಇದ್ದರು. ವಕೀಲರು ಅವರೆಲ್ಲರಿಂದ ಒಂದೊಂದು ಚೀಟಿ ತೆಲುಗು ಬರೆಸಿದರು, ಹೊಲಿಗೆಯಾಕೆಯಿಂದಲೂ. ಕೋರ್ಟಿನಲ್ಲಿ ಅವನ್ನು ತಜ್ಞರ ಮುಂದೆ ಹರಡಿ, "ಆ ಪತ್ರ ಬರೆದ ಕೈ ಇದರಾಗ ಯಾವುದು ತೋರಿಸ್ರಿ" ಅಂದರು. ತಜ್ಞರು ಬಹಳ ಹೊತ್ತು ನೋಡಿ ಒಂದನ್ನು ಎತ್ತಿಕೊಟ್ಟರು. ಅದು ವಕೀಲರ ಹೆಂಡತಿಯದು.

ಸಾಕ್ಷ್ಯ ಅಲ್ಲಿಗೇ ಬಿದ್ದುಹೋಯಿತು. ಎಲ್ಲರೂ ನಕ್ಕರು. ವಕೀಲರು ಮಾತ್ರ ಬಸ್ಸಿನಲ್ಲೂ ಆ ಚೀಟಿಯನ್ನೇ ತಿರುತಿರುಗಿಸಿ ನೋಡುತ್ತಿದ್ದರು. ಮನೆಯಲ್ಲಿ ಚಹಾ ತಂದ ಹೆಂಡತಿಯನ್ನೇ ನೋಡುತ್ತ ಕುಳಿತರು.

"ಯಾಕ್ರಿ, ಹಂಗ ನೋಡಾಕತ್ತೀರಿ?"

"ಇವತ್ತ ನಿನ್ನ ಕಟಕಟಿಯಾಗ ನಿಂದ್ರಿಸಿಬಿಟ್ಟಿದ್ರು" ಎಂದು ಕನ್ನಡಕ ತೆಗೆದು ಒರೆಸಿದರು. "ತಡಿ, ಇನ್ನೊಮ್ಮೆ ನೋಡ್ತೀನಿ."