ಯಮನನ್ನು ಪಾಳಿಗೆ ನಿಲ್ಲಿಸಿದ ಹಲ್ಲಿನ ಡಾಕ್ಟರು

ವಿಜಯಪುರದ ಜಲನಗರದ ಹಲ್ಲಿನ ಡಾಕ್ಟರ್ ಅನುಜಾ ಬಾತ್‌ರೂಮಿನಲ್ಲಿ ಹಾಡಿನ ತಾಲೀಮು ಶುರು ಮಾಡಿದರೆ ಸಾಕು, ಪಕ್ಕದ ಮನೆಯ ಕಾಸಿಮಸಾಬರ ಫೋನು ಬರುತ್ತಿತ್ತು.

"ರಾಧಾಬಾಯಾರ, ನಿಮ್ಮ ಬೋರಿನ ಮೋಟರ್ ನೀರಿಲ್ದ ಓಡಾಕತ್ತೈತ್ರಿ. ಸುಟ್ಟೀತು, ಬಂದ್ ಮಾಡ್ರಿ."

ತಾಯಿ ರಾಧಾಬಾಯಿ ಬಾಗಿಲು ಬಡಿಯುತ್ತಿದ್ದರು. "ಅನೂ, ಸಾಕು ಮಾಡವಾ. ಲಕ್ಷಣಾಗಿ ಒಂದು ದೇವರನಾಮ ಅಂದ್ರ ಗಂಟಲು ಹರೀತದೇನು?"

ದೇವರನಾಮ ಅನುಜಾಗೆ ಬರುತ್ತಿತ್ತು, ಶಾಲೆಯಲ್ಲಿ ಬಹುಮಾನವೂ ಬಂದಿತ್ತು. ಆದರೆ ಕಾಲೇಜು ಹಾಸ್ಟೆಲ್ಲಿನಲ್ಲಿ ಗೆಳತಿಯೊಬ್ಬಳು ಮೆಲೋಡಿಕ್ ಡೆತ್ ಮೆಟಲ್ ಕೇಳಿಸಿದ ಮೇಲೆ ಕೆಟ್ಟಳು. ಆ ಸಂಗೀತದಲ್ಲಿ ಹಾಡುವವರ ಗಂಟಲು ಪೂರ್ತಿ ಸುಡುಗಾಡು. ಗಿಟಾರು ಮಾತ್ರ ಜೋಗುಳದಷ್ಟು ಇಂಪು. ಹಗಲೆಲ್ಲ ಮಂದಿಯ ಬಾಯಿ ತೆರೆಸುವ ಅನುಜಾಗೆ ತನ್ನ ಬಾಯಿಗೂ ಒಂದು ದಾರಿ ಬೇಕಿತ್ತು.

ಬಿಜ್ಜರಗಿಯ ದ್ರಾಕ್ಷಿ ತೋಟದ ಅಮೋಘಿ ದವಡೆ ಬಾತು ದವಾಖಾನೆಗೆ ಬಂದ ದಿನ ಕರಿ ಟೀಶರ್ಟು ತೊಟ್ಟಿದ್ದ. ಅದರ ಮೇಲಿನ ಅಕ್ಷರಗಳು ಕಿತ್ತ ಹಲ್ಲಿನ ಬೇರಿನಂತೆ ಸಿಕ್ಕುಸಿಕ್ಕು. ಆ ಬ್ಯಾಂಡಿನ ಹೆಸರನ್ನು ಅನುಜಾ ತಡವರಿಸದೆ ಓದಿದಳು. ಅಮೋಘಿ ನೋವು ಮರೆತು ಎದ್ದು ಕೂತ.

"ಡಾಕ್ಟರ್ರ, ನಾ ಗಿಟಾರ್ ಬಾರಸ್ತೇನ್ರಿ!"

"ನಾ ಹಾಡ್ತೀನಿ. ಮೊದಲ ಬಾಯಿ ತಗಿ."

ತಿಕೋಟಾದ ಆಫ್ತಾಬ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ವೇಗವಾಗಿ ಬಾರಿಸಿದರೆ ಬೀಗರು ಬಯ್ಯುತ್ತಾರೆಂಬ ಕೊರಗಿನಲ್ಲಿದ್ದವನು ಕರೆದ ಕೂಡಲೇ ಬಂದ.

ಒಣದ್ರಾಕ್ಷಿ ಎತ್ತಿ ಖಾಲಿಯಾಗಿದ್ದ ಅಮೋಘಿಯ ಶೆಡ್ಡೇ ಸ್ಟುಡಿಯೋ ಆಯಿತು. ಗಾಳಿಯ ಸದ್ದು ಒಳಬರದಂತೆ ಸುತ್ತಲೂ ಅವನ ತಾಯಿ ಹೊಳೆವ್ವ ಹಳೆ ಸೀರೆಗಳಲ್ಲಿ ಹೊಲಿದ ಕೌದಿಗಳನ್ನು ಇಳಿಬಿಟ್ಟರು. ಅನುಜಾಳ ಮೊದಲ ಗರ್ಜನೆಗೇ ಹೊಳೆವ್ವ ಓಡಿಬಂದಳು.

"ಯಾವ ದೇವರು ಬಂದೈತಿ ಬೇ ಈಕಿ ಮೈಮ್ಯಾಲ? ಒಂದ್ ನಿಂಬಿಹಣ್ಣರ ಕೊಡ್ರಲೇ!"

ಆಲ್ಬಮ್ಮಿನ ಹೆಸರು 'ಯಮಾ, ಪಾಳಿ ಹಚ್ಚು'. ಹಾಡುಗಳ ಕಥೆ ಇಷ್ಟು: ಯಮನಿಗೆ ಹಲ್ಲುನೋವು, ದವಾಖಾನೆಗೆ ಬರುತ್ತಾನೆ, ಕೋಣವನ್ನು ಸ್ಕೂಟರುಗಳ ನಡುವೆ ಕಟ್ಟಿಸಿ ಅವನನ್ನು ಮುದುಕಿಯೊಬ್ಬಳ ಹಿಂದೆ ಪಾಳಿಗೆ ನಿಲ್ಲಿಸುತ್ತಾರೆ. ಕೊನೆಯ ಹಾಡಿನ ನಡುವೆ ಆಡೊಂದು ಕೌದಿ ಸರಿಸಿ ಬಂದು ಒದರಿತು. ತಾಳಕ್ಕೆ ಸರಿಯಾಗಿಯೇ ಒದರಿತು ಎಂದು ಅದನ್ನೂ ಉಳಿಸಿಕೊಂಡರು.

ಆಲ್ಬಮ್ ಅಂತರ್ಜಾಲಕ್ಕೆ ಏರಿತು. ಕೇಳಿದವರನ್ನೆಲ್ಲ ಒಂದು ಟಂಟಂ ಆಟೋದಲ್ಲಿ ಕೂಡ್ರಿಸಬಹುದಿತ್ತು. ಫಿನ್‌ಲ್ಯಾಂಡಿನವನೊಬ್ಬ ಮಾತ್ರ ಮನಸಾರೆ ಮೆಚ್ಚಿ, ಕೊನೆಯ ಹಾಡಿನ ಎರಡನೇ ಗಾಯಕಿ ಯಾರೆಂದು ಕೇಳಿದ್ದ. ಅನುಜಾ ಆಡಿನ ಫೋಟೋ ಕಳಿಸಿ, ಮೈಕನ್ನು ಅಟ್ಟಕ್ಕೆ ಎಸೆದಳು.

ಮುಂದಿನ ಬೇಸಿಗೆ ಅಮೋಘಿಯ ತಂಗಿ ಸುಧಾರಾಣಿಯ ಮದುವೆ, ಗಂಡಿನ ಊರಾದ ಬಬಲೇಶ್ವರದಲ್ಲಿ. ಅನುಜಾ ರೇಷ್ಮೆ ಸೀರೆ ಉಟ್ಟು ಹೋದಳು. ಕುದುರೆ ಮೇಲೆ ಮದುಮಗ, ಮುಂದೆ ಆಫ್ತಾಬನ ಬ್ಯಾಂಡು. ತಲೆಗೆ ಪಟಕಾ ಸುತ್ತಿದ ಹಿರಿಯರು ಟವೆಲ್ ಬೀಸಿ ಕುಣಿಯುತ್ತಿದ್ದರು. ಕ್ಲಾರಿನೆಟ್ಟಿನಲ್ಲಿ ಬರುತ್ತಿದ್ದ ಧಾಟಿ ಕೇಳಿ ಅನುಜಾ ನಿಂತುಬಿಟ್ಟಳು. ಅದು ಅಮೋಘಿ ಕಟ್ಟಿದ ಗಿಟಾರಿನ ಧಾಟಿ. ಅವರದೇ ಹಾಡು.

"ಆಫ್ತಾಬ, ಸಾಯೂ ಹಾಡನ್ನ ಲಗ್ನದಾಗ ಬಾರಸ್ತೀ?"

"ಎರಡರಾಗೂ ಮೆರವಣಿಗಿ ಇರ್ತೈತ್ರಿ, ಡಾಕ್ಟರ್ರ. ಈ ಸೀಜನ್ನಿನಾಗ ಎಲ್ಲಾರೂ ಇದನ್ನ ಕೇಳಾಕತ್ತಾರ. ಹಾಡಿನ ಮಾತ ಯಾರಿಗೂ ಗೊತ್ತಿಲ್ಲ, ಅಷ್ಟ."

"ಕೊಡಿಲ್ಲಿ ಮೈಕ."

ಅನುಜಾ ಸೆರಗು ಸಿಕ್ಕಿಸಿ ಯಮನನ್ನು ಕೂಗಿದಳು. ಕುಣಿಯುತ್ತಿದ್ದವರು ಕೈ ಮೇಲೆತ್ತಿದಲ್ಲೇ ನಿಂತರು. ಕುದುರೆ ನಿಲ್ಲಲಿಲ್ಲ, ಮದುಮಗನನ್ನು ಹೊತ್ತು ಕಬ್ಬಿನ ಹೊಲಕ್ಕೆ ನುಗ್ಗಿತು. ಆಫ್ತಾಬ ಇದೇ ಸಮಯವೆಂದು ಇನ್ನಷ್ಟು ಜೋರಾಗಿ ಬಾರಿಸಿದ. ಸ್ವಲ್ಪ ಹೊತ್ತಿಗೆ ಮದುಮಗ ಯಾರದೋ ಬೈಕಿನ ಹಿಂದೆ ಕೂತು, ಬಾಸಿಂಗ ಕಿವಿಗೆ ಜೋತುಬಿದ್ದು ವಾಪಸಾದ. ಎಲ್ಲರೂ ಅವನ ಬಾಯಿಯನ್ನೇ ನೋಡಿದರು.

"ಇನ್ನೊಮ್ಮಿ ಹಾಡ್ರಿ," ಎಂದ ಅವನು. "ನನಗ ಪೂರಾ ಕೇಳಲಿಲ್ಲ."

ಅನುಜಾ ಪೂರ್ತಿ ಹಾಡಿದಳು. ವಿಜಯಪುರದ ಮನೆಯ ಪಡಸಾಲೆಯಲ್ಲಿ ಯಾರದೋ ಮೊಬೈಲಿನಲ್ಲಿ ಅದನ್ನು ನೋಡಿದ ರಾಧಾಬಾಯಿ, "ಸೀರಿ ಭಾಳ ಛಂದ ಕಾಣಸ್ತದ," ಎಂದರು.

ಈಗ ಬಬಲೇಶ್ವರದ ಕಡೆಯಿಂದ ಮಕ್ಕಳನ್ನು ಅವಳ ದವಾಖಾನೆಗೇ ಕರೆತರುತ್ತಾರೆ. ಕುರ್ಚಿಯಲ್ಲಿ ತುಟಿ ಬಿಗಿದು ಕೂತ ಹುಡುಗರಿಗೆ ಅನುಜಾ ಮಾಸ್ಕ್ ಇಳಿಸಿ ಒಂದೇ ಸಾಲು ಹಾಡುತ್ತಾಳೆ. ಬಾಯಿ ತಾನಾಗಿ ತೆರೆಯುತ್ತದೆ.