ಹಿರೇಮಠ ಸರ್‌ಗೆ ಮೂರು ಬಲೂನು

ಕಳೆದ ಭಾನುವಾರ ನಾನು ನನ್ನ ಗಣಿತದ ಮೇಷ್ಟ್ರಿಗೆ ನೀರು ತುಂಬಿದ ಬಲೂನು ಬೀಸಿ ಹೊಡೆದೆ. ಒಂದಲ್ಲ, ಮೂರು. ಎರಡು ತಾಗಿದವು. ಅದಕ್ಕೆ ಐವತ್ತು ರೂಪಾಯಿಯನ್ನೂ ಕೊಟ್ಟೆ.

ಮೇಷ್ಟ್ರ ವಯಸ್ಸು ಎಪ್ಪತ್ತಾರು. ನನ್ನದು ಐವತ್ತೆರಡು. (ನಿಜವಾದ ವಯಸ್ಸೇ ಹೇಳಿದ್ದೇನೆ, ನಗಬೇಡಿ.)

ಛೀ, ಎಂಥ ಹೆಂಗಸಪ್ಪಾ ಇವಳು ಎಂದು ಪೇಪರ್ ಮಡಿಚಿಡಬೇಡಿ. ಪೂರ್ತಿ ಕೇಳಿ. ಆಮೇಲೂ ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈಯಿರಿ. ನಾನು ಎಲ್ಲೂ ಓಡಿಹೋಗುವುದಿಲ್ಲ, ಮುಲುಂಡ್‌ನಲ್ಲೇ ಇರುತ್ತೇನೆ.

ಇಲ್ಲೊಂದು ಕನ್ನಡ ಶಾಲೆ ಇದೆ. ನಾನು ಕಲಿತದ್ದು ಅಲ್ಲೇ. ಕಟ್ಟಡಕ್ಕೆ ಬಣ್ಣ ಬದಲಾಗಿದೆ, ಬೋರ್ಡು ಬದಲಾಗಿದೆ. ಬದಲಾಗದೆ ಉಳಿದದ್ದು ಒಂದೇ, ಹುಡುಗಿಯರ ಟಾಯ್ಲೆಟ್ಟಿನ ನಲ್ಲಿ. ಮೇಲಿನ ನೀರಿನ ಟಾಕಿ ಚಿಕ್ಕದು, ಅದೂ ಒಡೆದದ್ದು. ಬೆಳಿಗ್ಗೆ ಹತ್ತಕ್ಕೆಲ್ಲ ನೀರು ಖಾಲಿ. ಆಮೇಲೆ ನಲ್ಲಿ ತಿರುಗಿಸಿದರೆ ಬರುವುದು ಬರೀ ಗಾಳಿ.

ಹಾಗಾದರೆ ಹುಡುಗಿಯರು ಏನು ಮಾಡುತ್ತಾರೆ? ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಬೆಳಿಗ್ಗೆ ಬಾಟಲಿ ತುಂಬಿಕೊಂಡು ಬರುತ್ತಾರೆ, ತುಂಬಿದ ಬಾಟಲಿಯನ್ನೇ ಮನೆಗೆ ಒಯ್ಯುತ್ತಾರೆ. ಹಳೆ ವಿದ್ಯಾರ್ಥಿಗಳ ಕಮಿಟಿ ಮೀಟಿಂಗಿನಲ್ಲಿ ಶ್ವೇತಾ ಟೀಚರ್ ಇದನ್ನು ಹೇಳಿದಾಗ ನನ್ನ ಕೈಯಲ್ಲಿದ್ದ ಚಹಾ ಹಾಗೇ ತಣ್ಣಗಾಯಿತು.

ಹೊಸ ಟಾಕಿ ಬೇಕು, ಪಂಪ್ ಬೇಕು, ಪೈಪು ಬೇಕು. ಅಂದರೆ ದುಡ್ಡು ಬೇಕು. ನಮ್ಮ ಮುಂಬೈ ಕನ್ನಡಿಗರಿಗೆ ದುಡ್ಡು ಕೂಡಿಸಲು ಗೊತ್ತಿರುವುದು ಒಂದೇ ದಾರಿ, ರಸೀದಿ ಪುಸ್ತಕ. ಅದು ಕಂಕುಳಲ್ಲಿ ಕಂಡರೆ ಸಾಕು, ಗಲ್ಲಾದಲ್ಲಿ ಕೂತ ಹೋಟೆಲಿನ ಧಣಿಗೆ ಒಳಗೆ ಇಡ್ಲಿ ಬೆಂದಿದೆಯೋ ನೋಡುವ ತುರ್ತು ಹುಟ್ಟುತ್ತದೆ. ಬಿಲ್ಡಿಂಗಿನಲ್ಲಿ ಬೆಲ್ ಒತ್ತಿದರೆ ಒಳಗೆ ಓಡುತ್ತಿದ್ದ ಟಿವಿ ದಿಢೀರ್ ಬಾಯಿ ಮುಚ್ಚುತ್ತದೆ. (ನಾನೂ ಬಾಯಿ ಮುಚ್ಚಿಸಿದವಳೇ.)

ಶ್ವೇತಾ ಟೀಚರ್ ಇಲ್ಲೇ ಹುಟ್ಟಿ ಬೆಳೆದ ಇಪ್ಪತ್ತೇಳರ ಹುಡುಗಿ. "ರಸೀದಿ ಬುಕ್ ಬೋರಿಂಗ್ ಇದೆ ಮ್ಯಾಡಮ್. ಫನ್ ಫಂಡ್‌ರೈಸಿಂಗ್ ಮಾಡುವಾ. ಮೊಬೈಲ್‌ನಲ್ಲಿ ಕಿತ್ನಾ ಐಡಿಯಾಸ್ ಇದೆ!" ಎಂದಳು.

ಒಂದೊಂದೇ ಓದಿದಳು. ಕೇಕ್ ಮಾರಾಟ. "ಕೇಕ್ ಯಾರಿಗೆ ಬೇಕ್ರೀ? ಗಿರಮಿಟ್ ಮಾಡೋಣು," ಎಂದೆ ನಾನು, ಬೆಳಗಾವಿ ಕಡೆಯವಳು. ಪಾಸಾಯಿತು. ಮುಂದಿನದು ಮೌನ. ಮಕ್ಕಳು ಒಂದು ಗಂಟೆ ತುಟಿ ಬಿಚ್ಚದೆ ಕೂರಬೇಕು, ಅದಕ್ಕೆ ಅಪ್ಪ ಅಮ್ಮ ದುಡ್ಡು ಕೊಡಬೇಕು. ಅಧ್ಯಕ್ಷ ಸದಾನಂದ ಶೆಟ್ಟಿ, "ಮೊದಲು ಕಮಿಟಿಯವರು ಕೂತು ತೋರಿಸುವ," ಎಂದ. ಅದನ್ನು ವಿರೋಧಿಸಿ ಎಲ್ಲರೂ ಒಟ್ಟಿಗೇ ಹತ್ತು ನಿಮಿಷ ಮಾತಾಡಿದರು. ಆ ಐಡಿಯಾ ಅಲ್ಲಿಗೇ ಸತ್ತಿತು.

(ಸದಾನಂದ ನನ್ನ ಕ್ಲಾಸ್‌ಮೇಟು. ಸ್ಟೇಷನ್ ಹತ್ತಿರ ಅವನ ಅಪ್ಪನ ಹೋಟೆಲಿತ್ತು, ಈಗ ಅವನದು. ಉಡುಪಿ ಕಡೆಯವನು. ಒಳ್ಳೆಯವನು, ಸ್ವಲ್ಪ ಜಾಸ್ತಿ ಮಾತು.)

ಮೂರನೆಯದು 'ಸ್ಪ್ಲ್ಯಾಶ್ ದ ಸರ್'. ಮೇಷ್ಟ್ರು ಕುರ್ಚಿಯಲ್ಲಿ ಕೂರುವುದು, ಐವತ್ತು ರೂಪಾಯಿ ಕೊಟ್ಟವರು ಮೂರು ನೀರಿನ ಬಲೂನು ಎಸೆಯುವುದು. ಮೀಟಿಂಗಿಗೆ ಮೀಟಿಂಗೇ ಎದ್ದು ಕೂತಿತು.

ಆದರೆ ಕೂರುವವರು ಯಾರು? ಈಗಿನ ಒಬ್ಬ ಸರ್‌ಗೆ ಸೈನಸ್ಸು, ಇನ್ನೊಬ್ಬರಿಗೆ ಬಿ.ಪಿ., ಮೂರನೆಯವರಿಗೆ ನಾದಿನಿಯ ಮದುವೆ. ಶ್ವೇತಾ ತಾನೇ ಕೂರುತ್ತೇನೆ ಎಂದಳು. ಪಾಪ, ಅವಳಿಗೆ ಹೊಡೆಯಲು ಯಾರು ದುಡ್ಡು ಕೊಡುತ್ತಾರೆ? ಬಂದು ಎರಡೇ ವರ್ಷ, ಮಕ್ಕಳಿಗೆಲ್ಲ ಅಚ್ಚುಮೆಚ್ಚು. ಕುರ್ಚಿಗೆ ಬೇಕಾದದ್ದು ಹಳೇ ಕಾಲದ, ಗಟ್ಟಿ ಸಿಟ್ಟು ಗಳಿಸಿದ ಆಸಾಮಿ.

ನಾನೂ ಸದಾನಂದನೂ ಒಟ್ಟಿಗೇ ಬಾಯಿಬಿಟ್ಟೆವು: "ಹಿರೇಮಠ ಸರ್!"

ವಿಜಯಪುರದವರು. ಗಣಿತ. ಕೈಯಲ್ಲಿ ಸದಾ ಒಂದು ಮರದ ಸ್ಕೇಲು. ಅದು ಗೆರೆ ಎಳೆದದ್ದನ್ನು ನಾವು ನೋಡಿದವರಲ್ಲ.

ನನಗೆ ಅವರ ಮೇಲೆ ನಲವತ್ತು ವರ್ಷದ ಸಿಟ್ಟು. ಏಳನೇ ಕ್ಲಾಸು. ಟೆಸ್ಟಿನ ನಡುವೆ ನಾನು ಹೊರಗೆ ಹೋಗಬೇಕಾಯಿತು. ಟಾಯ್ಲೆಟ್ಟಿನಲ್ಲಿ ನೀರಿಲ್ಲ. (ಆಗಲೂ ಇರಲಿಲ್ಲ, ಗಮನಿಸಿ.) ರಸ್ತೆ ದಾಟಿ ಗೆಳತಿಯ ಚಾಳ್‌ನ ಮನೆಗೆ ಓಡಿದೆ. ವಾಪಸ್ ಬರುವಾಗ ಅರ್ಧ ಗಂಟೆ ಆಗಿತ್ತು. "ಎಲ್ಲಿ ಹೋಗಿದ್ದಿ?" ಎಂದರು ಸರ್. ಹನ್ನೆರಡು ವರ್ಷದ ಹುಡುಗಿ ಅದನ್ನು ಅಷ್ಟು ದೊಡ್ಡ ಮೀಸೆಯ ಮೇಷ್ಟ್ರಿಗೆ ಹೇಗೆ ಹೇಳಬೇಕು, ನೀವೇ ಹೇಳಿ? ಸುಮ್ಮನೆ ನಿಂತೆ. ಅಂಗೈಗೆ ಎರಡು ಬಿತ್ತು. ಸಂಜೆವರೆಗೆ ಬಾಗಿಲ ಹೊರಗೆ ನಿಂತೆ. ಇಡೀ ಶಾಲೆ ನೋಡಿಕೊಂಡು ಹೋಯಿತು.

ಸದಾನಂದ ಹೆದರುತ್ತಲೇ ಫೋನು ಮಾಡಿದ. "ಮೊದಲ ಆ ಕಾಗದಾ ಕಳಸು, ಓದ್ತೀನಿ," ಎಂದರಂತೆ ಸರ್. ನಮ್ಮ ಕಾಲದಿಂದಲೂ ಹುಡುಗಿಯರ ನಲ್ಲಿಯಲ್ಲಿ ನೀರಿಲ್ಲ, ಟಾಕಿ ಬೇಕು ಎಂದು ಬರೆದ ನಮ್ಮ ಪಾಂಪ್ಲೆಟ್ಟನ್ನು ವಾಟ್ಸಾಪ್ ಮಾಡಿದೆವು. ಮರುದಿನ ಉತ್ತರ ಬಂತು: "ಬರ್ತೀನಿ. ಕೂಡ್ತೀನಿ."

ಅಂದಿನಿಂದ ನನ್ನ ಪ್ರಾಕ್ಟೀಸ್ ಶುರು. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಹಾಲ್‌ನಿಂದ ಆಲೂಗಡ್ಡೆ ಎಸೆಯುವುದು. ಮೂರನೇ ದಿನ ವಾಚ್‌ಮನ್ ಇಂಟರ್‌ಕಾಮಿನಲ್ಲಿ, "ಮೇಡಮ್, ಊಪರ್ ಸೆ ಆಲೂ ಗಿರ್ ರಹಾ ಹೈ," ಎಂದ. ನಮ್ಮ ಯಜಮಾನರು ಜಜ್ಜಿದ ಆಲೂಗಡ್ಡೆಯ ಪಲ್ಯವನ್ನು ವಾರವಿಡೀ ತಿಂದರು. ಕಡೆಗೆ, "ಆ ಸರ್ ಬಂದು ಹೋಗೂತನಕ ನಾ ಆಫೀಸ್ ಕ್ಯಾಂಟೀನಿನ್ಯಾಗ ಉಣ್ತೀನಿ," ಎಂದರು.

ಭಾನುವಾರ ಬಂತು. ಸೆಕೆಯೋ ಸೆಕೆ. ಶಾಲೆಯ ಅಂಗಳದಲ್ಲಿ ಪೆಂಡಾಲು, ಮೈಕು, ಗಿರಮಿಟ್ ಸ್ಟಾಲು. ಶಾಲೆಯಲ್ಲಂತೂ ನೀರಿಲ್ಲ, ಆದ್ದರಿಂದ ಬಲೂನಿಗೆ ಬೇಕಾದ ನೀರು ಸದಾನಂದನ ಹೋಟೆಲಿನಿಂದ ಬಂತು. ಟೆಂಪೋದಲ್ಲಿ, ಆರು ಡ್ರಮ್ಮು.

ಹಿರೇಮಠ ಸರ್ ಬೊರಿವಲಿಯಿಂದ ಲೋಕಲ್ ಹಿಡಿದು, ದಾದರ್‌ನಲ್ಲಿ ಬದಲಾಯಿಸಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಚೀಲದಲ್ಲಿ ಟವೆಲ್ಲು, ಒಂದು ಜೊತೆ ಒಣ ಬಟ್ಟೆ. ಹೊಡೆಸಿಕೊಳ್ಳುವುದಕ್ಕೂ ಹೋಂವರ್ಕ್ ಮಾಡಿಕೊಂಡು ಬಂದ ಮನುಷ್ಯ. ನೇರ ಹೋಗಿ ಕುರ್ಚಿಯಲ್ಲಿ ಕೂತರು.

ಮೊದಲ ಗಿರಾಕಿ ಅಧ್ಯಕ್ಷನೇ. ಇಪ್ಪತ್ತು ದಿನದಿಂದ ಗ್ರೂಪಿನಲ್ಲಿ "ಈ ಸಲ ಸರ್‌ನ ಬಿಡುದಿಲ್ಲ" ಎಂದು ಹಾರಾಡಿದ್ದ. ಐನೂರರ ನೋಟು ಬುಟ್ಟಿಗೆ ಹಾಕಿದ. ಬಲೂನು ಎತ್ತಿದ. ಸರ್ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು. ಅಷ್ಟೇ. ಸದಾನಂದ ಬಲೂನು ಕೆಳಗಿಟ್ಟ, ಚಪ್ಪಲಿ ಬಿಟ್ಟ, ಹೋಗಿ ಸರ್ ಕಾಲು ಮುಟ್ಟಿ ವಾಪಸ್ ಬಂದ.

"ಎಂತದಾ ಇದು?" ಎಂದೆ, ಅವನದೇ ಭಾಷೆಯಲ್ಲಿ.

"ಆಗುದಿಲ್ಲ ಮಾರಾಯ್ತಿ. ಕೈಯೇ ಏಳುದಿಲ್ಲ."

ಅಲ್ಲಿಗೆ ಶುರುವಾಯಿತು ನೋಡಿ. ಹಿಂದಿದ್ದವನು ಅಧ್ಯಕ್ಷರೇ ಚಪ್ಪಲಿ ಬಿಟ್ಟರಲ್ಲ ಎಂದು ತಾನೂ ಬಿಟ್ಟ. ಅವನ ಹಿಂದಿನವಳು ಸೆರಗು ಹೊದ್ದಳು. ಬುಟ್ಟಿಗೆ ದುಡ್ಡು, ಸರ್ ಕಾಲಿಗೆ ನಮಸ್ಕಾರ. ಕ್ಯೂ ಗೇಟಿನವರೆಗೆ ಬೆಳೆಯಿತು. ಯಾರೋ ಕುಂಕುಮದ ಬಟ್ಟಲು ತಂದಿಟ್ಟರು. ಇನ್ಯಾರೋ ಶಾಲು ತಂದರು. (ಮುಂಬೈ ಕನ್ನಡಿಗರ ಮನೆಯಲ್ಲಿ ಉಪ್ಪು ಇಲ್ಲದಿರಬಹುದು, ಯಾವುದೋ ಸನ್ಮಾನದಲ್ಲಿ ಸಿಕ್ಕ ಶಾಲು ಇದ್ದೇ ಇರುತ್ತದೆ.) ಒಂದು ಶಾಲು ಕಂಡದ್ದೇ ತಡ, ಇನ್ನೆರಡು ಬಂದವು. ಹಾರ ಬಂತು. ತೊಡೆಯ ಮೇಲೆ ತೆಂಗಿನಕಾಯಿ ಕೂತಿತು. ಊದುಬತ್ತಿಯೂ ಬಂದಾಗ ಶ್ವೇತಾ ಟೀಚರ್ ಅಳುವುದೊಂದು ಬಾಕಿ.

"ಅರೇ, ಯೇ ಗೇಮ್ ಇದೆ! ಸತ್ಕಾರ್ ನಹೀ! ಪ್ಲೀಸ್, ಕೋಯೀ ತೋ ಮಾರೋ, ಯಾರಾದ್ರೂ ಹೊಡೀರಿ!"

ಯಾರು ಕೇಳಬೇಕು? ಹನ್ನೊಂದೂವರೆಗೆ ಹಿರೇಮಠ ಸರ್ ಆ ಸೆಕೆಯಲ್ಲಿ ಮೂರು ಶಾಲು ಹೊದ್ದು, ಮೂಗಿನವರೆಗೆ ಹಾರ ಹಾಕಿಕೊಂಡು ಕೂತಿದ್ದರು. ಒದ್ದೆಯೇನೋ ಆಗಿದ್ದರು, ಬೆವರಿನಲ್ಲಿ.

ಕಡೆಗೆ ಕುರ್ಚಿಯಿಂದಲೇ ಗುಡುಗಿದರು. "ಏ ಸದಾನಂದ! ನಾ ಏನ್ ಸತ್ತೀನೇನು, ಹಾರ ಹಾಕಿ ಊದಿನಕಡ್ಡಿ ಹಚ್ಚೀರಿ? ಎರಡು ಟ್ರೇನ್ ಹತ್ತಿ ಇಳದು ಹೊಡತಾ ತಿನ್ನಾಕ ಬಂದೀನಿ ನಾ!"

ಆಮೇಲೆ ನನ್ನ ಕಡೆ ತಿರುಗಿದರು.

"ಬಡಿಗೇರ ಗೀತಾ! ಬಾ ಇಲ್ಲೆ."

ಅದು ನನ್ನ ತವರಿನ ಹೆಸರು. ಹಾಜರಿ ಪುಸ್ತಕದ ಹೆಸರು. ಹಾಗೆ ಕರೆಸಿಕೊಂಡು ಎಷ್ಟು ವರ್ಷವಾಯಿತೋ.

"ನಿಮ್ಮ ಕಾಗದಾ ಓದಿದಾಗಿಂದ ನನಗ ಅನ್ನಾ ಸೇರವಲ್ದು," ಎಂದರು ಸರ್. ದನಿ ಇಳಿದಿತ್ತು. "ಗಣಿತಾ ಮಾಸ್ತರ ನಾ. ಇಷ್ಟು ಸಣ್ಣ ಲೆಕ್ಕಾ ಬಿಡಸಾಕ ನಲವತ್ತು ವರ್ಷ ಬೇಕಾತು. ಅವತ್ತ ನೀ ನೀರು ಹುಡುಕ್ಕೊಂಡು ಹೊರಗ ಹೋಗಿದ್ದಿ. ಹೌದಿಲ್ಲೋ?"

"ಹೌದ್ರಿ ಸರ್."

"ಎಷ್ಟು ಹೊಡದಿದ್ದೆ?"

"ಎರಡ್ರಿ."

"ಮೂರು ಹೊಡಿ. ಯಾಕ ಹೋಗಿದ್ದಿ ಅಂತ ಕೇಳಲಿಲ್ಲಲ್ಲಾ, ಒಂದು ಅದಕ್ಕ."

ನಲವತ್ತು ವರ್ಷ ಕಾದಿದ್ದೆ. ಎರಡು ಕಿಲೋ ಆಲೂಗಡ್ಡೆ ಹಾಳುಮಾಡಿದ್ದೆ. ಐವತ್ತು ರೂಪಾಯಿ ಬುಟ್ಟಿಗೆ ಹಾಕಿ ಬಲೂನು ಹಿಡಿದು ನಿಂತರೆ, ಕೈ ಏಳಲಿಲ್ಲ ಕಣ್ರೀ! ಆ ಸಿಟ್ಟು ಎಲ್ಲಿ ಹೋಯಿತೋ. ನಾನೂ ಚಪ್ಪಲಿ ಬಿಡಲು ಹೊರಟೆ.

"ಕಾಲಾಗಿಂದು ಬಿಟ್ಟರ ನೋಡು! ಕೈ ಎತ್ತು! ಇಲ್ಲಂದ್ರ ಬಾಗಲಾ ಹೊರಗ ನಿಂದರಸ್ತೀನಿ!"

ಹೆದರಿ ಎಸೆದೇಬಿಟ್ಟೆ. ಮೊದಲನೆಯದು ಗೋಡೆಗೆ. "ಕೋನ ಜಾಸ್ತಿ ಆತು. ನಲವತ್ತೈದು ಡಿಗ್ರಿ ಹಿಡಿ," ಎಂದರು ಸರ್. ಎರಡನೆಯದು ತೆಂಗಿನಕಾಯಿಗೆ ತಾಗಿ ಒಡೆಯಿತು. ಮೂರನೆಯದು ಸೀದಾ ಮೀಸೆಗೆ. ನೀರು ತೊಟ್ಟಿಕ್ಕುತ್ತಿದ್ದ ಮೀಸೆಯಡಿ ಹಿರೇಮಠ ಸರ್ ನಕ್ಕರು. ಅವರ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು. ನಾನು ಒಂದೇ ಸಮ ನಕ್ಕೆ, ಒಂದೇ ಸಮ ಅತ್ತೆ.

ಆಮೇಲೆ ಸರ್ ಹಾಜರಿ ಕರೆದರು. ನಂಬಿ, ಹಾಜರಿ!

"ಸದಾನಂದ ಶೆಟ್ಟಿ!"

"ಪ್ರೆಸೆಂಟ್ ಸರ್!"

"ಹೊಡಿ!"

ಹೊಟ್ಟೆ ಬಂದ, ಕೂದಲು ಉದುರಿದ, ಮೊಮ್ಮಕ್ಕಳಿರುವ ಹಳೆ ವಿದ್ಯಾರ್ಥಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತು, ಹೆಸರು ಕೂಗಿದಂತೆ ಮುಂದೆ ಬಂದು, ಗುರುಗಳಿಗೆ ಹೊಡೆದರು. ಗೌರವಕ್ಕೆ ಏಳದ ಕೈ ಭಯಕ್ಕೆ ಎದ್ದಿತು. ಶಾಲುಗಳಿಂದ ನೀರು ಹರಿದು ಅಂಗಳವೆಲ್ಲ ರಾಡಿಯಾಯಿತು. ಬಲೂನು ಮುಗಿದ ಮೇಲೂ ಜನ ಚೊಂಬು ಹಿಡಿದು ನಿಂತಿದ್ದರು. ಬುಟ್ಟಿ ತುಂಬಿತ್ತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಸರ್ ಮುಖ ತೊಳೆಯಲು ಹುಡುಗಿಯರ ಟಾಯ್ಲೆಟ್ಟಿನ ಹೊರಗಿನ ನಲ್ಲಿಗೆ ಹೋದರು. ತಿರುಗಿಸಿದರು. ಸುಯ್ ಎಂದು ಗಾಳಿ. ಸ್ವಲ್ಪ ಹೊತ್ತು ಆ ನಲ್ಲಿಯನ್ನೇ ನೋಡಿದರು. ಆಮೇಲೆ ಅಂಗಳದ ಖಾಲಿ ಡ್ರಮ್ಮುಗಳನ್ನು ನೋಡಿದರು.

"ಸದಾನಂದ, ಇಷ್ಟು ನೀರು ಎಲ್ಲಿಂದ ಬಂತೋ?"

"ನಮ್ಮ ಹೋಟೆಲಿಂದ ಸರ್. ಒಂದು ಫೋನ್ ಮಾಡಿದೆ, ಟೆಂಪೋ ಬಂತು."

"ಹೋಟೆಲ್ ಇಲ್ಲಿಂದ ಎಷ್ಟು ದೂರ?"

"ಐದು ನಿಮಿಷ ಸರ್."

ಹೇಳಿ ಮುಗಿಸುವಷ್ಟರಲ್ಲಿ ಸದಾನಂದನಿಗೆ ತಾನು ಹೇಳಿದ್ದೇನು ಎಂಬುದು ಹೊಳೆಯಿತು. ನನಗೂ. ಆಟಕ್ಕೆ ಅಂದ ಕೂಡಲೇ ಆರು ಡ್ರಮ್ಮು ನೀರು. ಹುಡುಗಿಯರಿಗೆ ಒಂದು ಬಕೆಟ್ ಕಳಿಸಬಹುದೆಂದು ಇಷ್ಟು ವರ್ಷ ಕಮಿಟಿಯ ಒಂದು ತಲೆಗೂ ಬಂದಿರಲಿಲ್ಲ. ಆ ತಲೆಗಳಲ್ಲಿ ನನ್ನದೂ ಒಂದು. ನನಗಂತೂ ಗೊತ್ತಿರಬೇಕಿತ್ತು. ನಾಚಿಕೆಯಾಯಿತು.

ಸರ್ ಬೈಯಲಿಲ್ಲ. ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ ಹೇಳಿದರು. "ನಾಳಿಂದ ದಿನಾ ಎರಡು ಡ್ರಮ್ ಕಳಸು. ಪರೀಕ್ಷಾ ಮುಗಿಯೂದರಾಗ ಟಾಕಿ ಕೂಡಬೇಕು. ಆಗಲಿಲ್ಲಂದ್ರ ಕುರ್ಚಿ ಮ್ಯಾಲೆ ಕಮಿಟಿ ಕೂಡತೈತಿ."

"ಹೊಡಿಯುದು ಯಾರು ಸರ್?" ಸದಾನಂದ ನಗುತ್ತಲೇ ಕೇಳಿದ.

ಸರ್ ಗಿರಮಿಟ್ ಸ್ಟಾಲಿನ ಕಡೆ ಬೆರಳು ತೋರಿಸಿದರು. ಅಲ್ಲಿ ಎಂಟನೇ ಕ್ಲಾಸಿನ ಹುಡುಗಿಯರ ದಂಡು ಕಿವಿ ನೆಟ್ಟು ನಿಂತಿತ್ತು.

ಡ್ರಮ್ಮು ಸೋಮವಾರದಿಂದಲೇ ಬರುತ್ತಿದೆ. ಟಾಕಿಯದು ಮಾತ್ರ ನಮ್ಮ ಕಮಿಟಿಯ ಕೆಲಸ, ಕೇಳಬೇಕೇ? ಮೂರು ಸಲ ಮೀಟಿಂಗ್ ಆಯಿತು. ಟಾಕಿ ಕಪ್ಪೋ ಬಿಳಿಯೋ, ದಾನಿಗಳ ಹೆಸರು ಅದರ ಯಾವ ಬದಿಗೆ, ಎಷ್ಟು ದೊಡ್ಡ ಅಕ್ಷರ, ಉದ್ಘಾಟನೆಗೆ ಯಾರು, ಅವರಿಗೆ ಶಾಲು ಯಾವ ಬಣ್ಣ. ಪ್ಲಂಬರನ್ನು ಕರೆಯುವ ವಿಷಯ ಇನ್ನೂ ಚರ್ಚೆಗೆ ಬಂದಿಲ್ಲ.

ನಿನ್ನೆ ಶಾಲೆಯ ಕಡೆ ಹೋಗಿದ್ದೆ. ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಮುಖ ಬರೆದಿತ್ತು. ಒಂದಕ್ಕೆ ಸದಾನಂದನ ಹೊಟ್ಟೆಯೂ ಇತ್ತು. ಇನ್ನೊಂದಕ್ಕೆ ನನ್ನದೇ ತುರುಬು, ಕನ್ನಡಕ. ಎಂಟನೇ ಕ್ಲಾಸಿನವರು ಸಾಲಾಗಿ ನಿಂತು ಅವಕ್ಕೆ ರಬ್ಬರ್ ಚೆಂಡು ಎಸೆಯುತ್ತಿದ್ದರು. ಗುರಿ ಅಂದರೆ ಗುರಿ, ಒಂದೂ ತಪ್ಪುತ್ತಿರಲಿಲ್ಲ. ಯಾರೂ ಚಪ್ಪಲಿ ಬಿಟ್ಟಿರಲಿಲ್ಲ, ಕೈಗಳೂ ಸರಾಗವಾಗಿ ಏಳುತ್ತಿದ್ದವು.

ನನ್ನನ್ನು ಕಂಡು ಒಬ್ಬಳು ಚೆಂಡನ್ನು ಅಂಗೈಯಲ್ಲಿ ತೂಗುತ್ತ ಬಹಳ ಮರ್ಯಾದೆಯಿಂದ ಕೇಳಿದಳು:

"ಆಂಟಿ, ಟಾಕಿ ಯಾವಾಗ ಬರ್ತದೆ?"