ಸುಂಕಲಮ್ಮನ ಕೈಗೆ ಬಂದ ಕತ್ತರಿ

ಬಿಳಿಚೋಡಿನ ಸುಂಕಲಮ್ಮನಿಗೆ ಹುಟ್ಟಿನಿಂದಲೂ ಒಂದೇ ಚಟ, ಪ್ರಶ್ನೆ ಕೇಳುವುದು. ಕುರಿ ಮೇಯಿಸುತ್ತಿದ್ದ ಅಪ್ಪನ ತಲೆ ತಿಂದಳು, ಶಾಲೆಯ ಮೇಷ್ಟರ ತಲೆ ತಿಂದಳು, ಮದುವೆಯಾಗಿ ಕೆರೆಬಿಳಚಿಗೆ ಬಂದ ಮೇಲೆ ಅತ್ತೆಯನ್ನೂ ಬಿಡಲಿಲ್ಲ. ಈಗ ಚನ್ನಗಿರಿಯ ಟೈಲರ್ ಪಂಚಾಕ್ಷರಪ್ಪನವರ ಸರದಿ.

ಅವರ ಅಂಗಡಿಯಲ್ಲಿ ಅವಳು ಗುಂಡಿ ಹಚ್ಚುತ್ತಿದ್ದಳು, ಅಂಚು ಮಡಚಿ ಹೊಲಿಯುತ್ತಿದ್ದಳು. ಕತ್ತರಿಯನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ಬಟ್ಟೆ ಕತ್ತರಿಸಲು ಬಂದರೆ ತಾನೇ ಟೈಲರ್? ಅದನ್ನು ಕಲಿಯಬೇಕೆಂದೇ ಅವಳು ದಿನಾ ಬಸ್ಸು ಹತ್ತುತ್ತಿದ್ದುದು. "ತೋಳು ಇಲ್ಲಿ ಯಾಕೆ ಡೊಂಕು ಕತ್ತರಿಸ್ತೀರಿ ಮಾಸ್ಟ್ರೇ?" ಎಂದರೆ ಅವರಿಗೆ ಉರಿದುಹೋಗುತ್ತಿತ್ತು.

"ಬಾಯಿ ಮುಚ್ಕೊಂಡು ಕೈ ನೋಡಮ್ಮ. ನಾನೂ ಹಂಗೇ ಕಲ್ತಿದ್ದು."

ಪಾಪ, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅಡಿಕೆ ಸುಗ್ಗಿ ಬಂತು. ಸುಲಿಯುವ ಹೆಂಗಸರ ಮುಂದಾಳು ಕಸ್ತೂರಮ್ಮ ತನ್ನ ಹೊಸ ರವಿಕೆ ತಂದು ಮೇಜಿನ ಮೇಲೆ ಎಸೆದಳು. ಬಲಗಂಕುಳಲ್ಲಿ ಹರಿದಿತ್ತು. ಪ್ರತಿವರ್ಷದ ರಗಳೆ ಇದು.

"ದಪ್ಪ ಆಗಿದ್ದೀರಿ," ಎಂದರು ಮಾಸ್ಟರು.

"ಎಲ್ಲರದ್ದೂ ಇಲ್ಲೇ ಹರೀತೈತಲ್ರೀ, ಎಲ್ಲರೂ ದಪ್ಪ ಆದ್ವಾ?"

ಸುಂಕಲಮ್ಮನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಸುಲಿಯಾಕೆ ಹೆಂಗೆ ಕೂರ್ತೀರಿ? ಒಂದ್ಸಲ ತೋರಿಸ್ರಿ."

ಮಾಸ್ಟರಿಗೆ ಸಿಟ್ಟು ನೆತ್ತಿಗೇರಿತು. "ಇದನ್ನ ನೀನೇ ಸರಿಮಾಡು. ಮತ್ತೆ ಹರೀತೋ, ಅವತ್ತಿಂದ ಅಂಗಡಿಗೆ ಬರಬೇಡ!"

ಕಸ್ತೂರಮ್ಮ ನೆಲದ ಮೇಲೆ ಕೂತಳು. ಇಲ್ಲದ ಕತ್ತಿಗೆ ಇಲ್ಲದ ಅಡಿಕೆ ಒತ್ತಿ, ಬಲಮೊಣಕೈಯನ್ನು ರಭಸದಿಂದ ಹೊರಕ್ಕೆ ಎಳೆದಳು. ಸುಂಕಲಮ್ಮನಿಗೆ ತಟ್ಟನೆ ಹೊಳೆಯಿತು. ಅಳತೆ ಕೊಡುವಾಗ ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ದುಡಿಯುವಾಗ ಹಾಗೆ ನಿಲ್ಲುವವರು ಯಾರು?

"ಎಡಗೈ ಹಿಂಗೆ ಎಳೆಯಲ್ವಾ?"

"ಇಲ್ಲಮ್ಮ, ಅದು ಹಿಡ್ಕಂಡಿರ್ತೈತೆ ಅಷ್ಟೆ."

ಸುಂಕಲಮ್ಮ ಕೆಳಗೆ ಬಿದ್ದಿದ್ದ ಬಟ್ಟೆಯ ಚೂರೊಂದನ್ನು ಬಲಗಂಕುಳಿಗೆ ಸೇರಿಸಿ, ಎಳೆತಕ್ಕೆ ಸಡಿಲ ಬಿಟ್ಟು ಹೊಲಿದುಕೊಟ್ಟಳು. ಆಮೇಲೆ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ. ಅಂಗಡಿಯ ಮುಂದೆ ಯಾರು ಬಂದು ನಿಂತರೂ ಕಸ್ತೂರಮ್ಮನೇನೋ ಎಂದು ಕತ್ತೆತ್ತಿ ನೋಡುತ್ತಿದ್ದಳು.

ಸುಗ್ಗಿ ಮುಗಿಯುವ ಹೊತ್ತಿಗೆ ಕಸ್ತೂರಮ್ಮ ಗುಂಪು ಕಟ್ಟಿಕೊಂಡೇ ಬಂದಳು. ರವಿಕೆಯನ್ನು ಮಾಸ್ಟರ ಮುಖದ ಮುಂದೆ ಹಿಡಿದಳು. ಬಣ್ಣ ಮಾಸಿತ್ತು, ಅಡಿಕೆಯ ಕರೆ ಹತ್ತಿತ್ತು, ಹೊಲಿಗೆ ಮಾತ್ರ ಒಂದೆಳೆಯೂ ಬಿಟ್ಟಿರಲಿಲ್ಲ.

"ನಮ್ಮೆಲ್ಲರದ್ದೂ ಈಕೇನೇ ಹೊಲೀಬೇಕ್ರೀ. ನಮ್ಮನ್ನ ಕೇಳಿ ಹೊಲಿಯೋಳು ಈಕೆ."

ಪಂಚಾಕ್ಷರಪ್ಪ ರವಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೊನೆಗೆ ತಮ್ಮ ಕತ್ತರಿಯನ್ನು ಅವಳ ಕೈಗಿಟ್ಟು, "ಕತ್ತರಿಸಮ್ಮ," ಎಂದರು. ಸುಂಕಲಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು.

ಅವಳು ಬಟ್ಟೆ ಹರವುವಷ್ಟರಲ್ಲಿ ಬಂದ ಹೆಂಗಸರೆಲ್ಲ ಅಂಗಡಿಯ ನೆಲದ ಮೇಲೆ ಕೂತು, ನಗುತ್ತಾ, ಮೊಣಕೈ ಎಳೆದೆಳೆದು ತೋರಿಸತೊಡಗಿದ್ದರು. ಅವರ ನಡುವೆ ಮಾಸ್ಟರು ಟೇಪು ಹಿಡಿದು ಬಗ್ಗಿ, ಒಬ್ಬಾಕೆಯನ್ನು ಕೇಳುತ್ತಿದ್ದರು:

"ನೀವು ಯಾವ ಕೈಲಿ ಎಳೀತೀರಮ್ಮ?"